ಹ್ಯಾಮ್ ಸ್ಪರ್ಧೆಗೆ ಯಾವುದು ಸರಿ: ದೂರದ ರಿಸೀವರೋ, ದೂರದ ಸ್ಟೇಷನ್ನೋ?

ಹ್ಯಾಮ್ ಎಂದರೆ ಹವ್ಯಾಸಿ ರೇಡಿಯೋ; ಸ್ಪರ್ಧೆಯಲ್ಲಿ ಆದಷ್ಟು ಹೆಚ್ಚು ಸ್ಟೇಷನ್‌ಗಳೊಡನೆ ಸಂಪರ್ಕ ಸಾಧಿಸಬೇಕು. ಊರೊಳಗೆ 160 ಮೀಟರ್ ಬ್ಯಾಂಡ್ (ಸುಮಾರು ಅಷ್ಟು ಉದ್ದದ ಅಲೆಗಳ ರೇಡಿಯೋ ಪಟ್ಟಿ) ಎಂದರೆ ಎಲ್‌ಇಡಿ ಡ್ರೈವರ್, ಚಾರ್ಜರ್, ಸೋಲಾರ್ ಇನ್ವರ್ಟರ್‌ಗಳ ಗದ್ದಲ. ನಿಮ್ಮ ಕರೆ ದೂರ ಮುಟ್ಟುತ್ತದೆ, ಉತ್ತರ ಕೇಳಿಸುವುದಿಲ್ಲ.

ಅಗ್ಗದ ದಾರಿ: ಪ್ರಸಾರ ಮನೆಯಿಂದ, ಆಲಿಸುವುದು ಮಾತ್ರ ಇಂಟರ್ನೆಟ್‌ನ ಕಿವಿಎಸ್‌ಡಿಆರ್‌ನಲ್ಲಿ (ಹೆಸರೇ ಕನ್ನಡದಂತಿದೆ; ಬೇರೆಯವರು ಬೇರೆಡೆ ಇಟ್ಟು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ತೆರೆದಿಟ್ಟ ರಿಸೀವರ್). ಖರ್ಚಿಲ್ಲ, ಆದರೆ ಧ್ವನಿ ತಡವಾಗಿ ಬರುವುದರಿಂದ ವೇಗದ ಮೋರ್ಸ್‌ನಲ್ಲಿ ಇಬ್ಬರೂ ಒಟ್ಟಿಗೇ ಕೀ ಒತ್ತಿಬಿಡುತ್ತೀರಿ. ದೊಡ್ಡ ತಕರಾರು ನ್ಯಾಯದ್ದು. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ಇಂಥದೇ ಇಂಟರ್ನೆಟ್ ರಿಸೀವರ್ ಆದ ವೆಬ್‌ಎಸ್‌ಡಿಆರ್‌ಗೆ ಜರ್ಮನಿಯ ಸ್ಟೇಷನ್ ಪಕ್ಕದ ಮನೆಯಿದ್ದಂತೆ. ಅದರ ಮೂಲಕ ಕೇಳಿದರೆ ಅರ್ಧ ದಾರಿ ರೇಡಿಯೋದ್ದೇ ಅಲ್ಲ. ಸಿಕ್ಯೂ ವರ್ಲ್ಡ್‌ವೈಡ್ ಎಂಬ ದೊಡ್ಡ ಹ್ಯಾಮ್ ಸ್ಪರ್ಧೆ ಇದನ್ನು ಒಪ್ಪುವುದಿಲ್ಲ: ಟ್ರಾನ್ಸ್‌ಮಿಟರ್, ರಿಸೀವರ್ ಎಲ್ಲವೂ 500 ಮೀಟರ್ ವ್ಯಾಸದ ವೃತ್ತದೊಳಗಿರಬೇಕು.

ಇಡೀ ಸ್ಟೇಷನ್ನೇ ದೂರದಲ್ಲಿದ್ದು, ನೀವು ಇಂಟರ್ನೆಟ್‌ನಲ್ಲಿ ನಡೆಸಿದರೆ ಅಡ್ಡಿಯಿಲ್ಲ. ಕಳಿಸುವ, ಕೇಳುವ ಆಂಟೆನಾ ಒಂದೇ ಜಾಗದಲ್ಲಿವೆಯಲ್ಲ! ಕರೆ ಸಂಕೇತ (ಸ್ಟೇಷನ್ನಿನ ಗುರುತಿನ ಹೆಸರು), ಲೈಸೆನ್ಸ್ ಮಾತ್ರ ಸ್ಟೇಷನ್ ಇರುವ ದೇಶಕ್ಕೆ ಹೊಂದಬೇಕು. ಟವರ್ ಖರ್ಚು ಬೇರೆ.

ನಡುವಿನ ದಾರಿಯೂ ಇದೆ. ಸಿಕ್ಯೂ 160 ಸ್ಪರ್ಧೆಯು ಟ್ರಾನ್ಸ್‌ಮಿಟರ್‌ನಿಂದ 100 ಕಿ.ಮೀ. ಒಳಗೆ ಒಂದೇ ಒಂದು ದೂರದ ರಿಸೀವರ್‌ಗೆ ಅವಕಾಶ ಕೊಟ್ಟಿದೆ. ತೋಟದಲ್ಲಿ 160 ಮೀಟರ್ ಉದ್ದದ ಬೆವರೇಜ್ ತಂತಿ (ಆಲಿಸಲು ನೆಲದ ಹತ್ತಿರ ಎಳೆಯುವ ಉದ್ದ ಆಂಟೆನಾ) ಎಳೆಯಲು ಜಾಗವಿದ್ದರೆ ಇದೇ ವಾಸಿ. ಲಾಗ್ (ಮಾಡಿದ ಸಂಪರ್ಕಗಳ ಪಟ್ಟಿ) ಕಳಿಸುವ ಮುನ್ನ ಆ ವರ್ಷದ ನಿಯಮ ಓದಿಕೊಳ್ಳಿ.