ಲ್ಯಾಬ್, ಎಕ್ಸ್‌ರೇ, ಫಿಸಿಯೊಥೆರಪಿ: ಮೂರೂ ಕಡೆ ನಿಂತು ನೋಡಿದ ಮೇಲೆ

ಮೊದಲ ವರ್ಷ ನಮಗೆಲ್ಲ ಒಂದೇ ಪಾಠ: ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಲ್ಯಾಬ್, ಎಕ್ಸ್‌ರೇ, ಫಿಸಿಯೊಥೆರಪಿಯಲ್ಲಿ ಒಂದು ಕೋರ್ಸ್ ಆರಿಸಿಕೊಳ್ಳುವ ಮುಂಚೆ ಮೂರೂ ವಿಭಾಗಗಳಲ್ಲಿ ಪೋಸ್ಟಿಂಗ್ (ನಿಂತು ಕೆಲಸ ಕಲಿಯುವ ಸರದಿ) ಹಾಕಿದರು. ಸಿಲಬಸ್ ಓದಿದಾಗ ಕಾಣದ ಒಂದು ವಿಷಯ ಅಲ್ಲಿ ಕಂಡಿತು: ನಾವು ಮಾಡಿದ ತಪ್ಪು ನಮಗೆ ಯಾವಾಗ ಗೊತ್ತಾಗುತ್ತದೆ ಅನ್ನೋದು.

ಎಕ್ಸ್‌ರೇ ರೂಮಿನಲ್ಲಿ ಆ ಕ್ಷಣವೇ ಗೊತ್ತಾಗುತ್ತದೆ. ಎದೆಯ ಚಿತ್ರಕ್ಕೆ ರೋಗಿಯ ಭುಜ ಮುಂದಕ್ಕೆ ಬಾಗಿಸಬೇಕು. ಮರೆತರೆ ಹೆಗಲ ಮೂಳೆ ಶ್ವಾಸಕೋಶದ ಮೇಲೆ ಬಂದು ಕೂರುತ್ತದೆ. ಎಕ್ಸ್‌ರೇ ಹೊಮ್ಮಿಸುವ ಟ್ಯೂಬ್ ಸುಮಾರು 180 ಸೆಂ.ಮೀ. ದೂರ ಇರಬೇಕು, ಹತ್ತಿರ ತಂದರೆ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸ್ಕ್ರೀನ್ ನೋಡಿದ ಕೂಡಲೇ ತಪ್ಪು ಕಣ್ಣಿಗೆ ಬೀಳುತ್ತದೆ. ಆದರೆ ಮತ್ತೆ ತೆಗೆದರೆ ರೋಗಿಗೆ ಮತ್ತೊಮ್ಮೆ ವಿಕಿರಣ. ಫಿಸಿಕ್ಸ್ ಇಷ್ಟ ಇದ್ದವರಿಗೆ ಇದು ಒಳ್ಳೆಯ ಜಾಗ. ನನಗೆ ಗಡಿಬಿಡಿ ಜಾಸ್ತಿ ಅನ್ನಿಸಿತು.

ಫಿಸಿಯೊಥೆರಪಿಯಲ್ಲಿ ತಪ್ಪು, ಸರಿ ಎರಡೂ ನಿಧಾನಕ್ಕೆ ತಿಳಿಯುತ್ತವೆ. ಮಂಡಿ ಆಪರೇಷನ್ ಆದ ಒಬ್ಬ ಅಜ್ಜಿಗೆ ದಿನಾ ಗೋನಿಯೋಮೀಟರ್ (ಕೋನ ಅಳೆಯುವ ಸಾಧನ) ಇಟ್ಟು ಕಾಲು ಎಷ್ಟು ಮಡಚುತ್ತದೆ ಅಂತ ಅಳೆಯುತ್ತಿದ್ದೆ. 70 ಡಿಗ್ರಿ, 72, ಮತ್ತೆ 70. ಒಂದು ದಿನ 90 ದಾಟಿತು. ಅಜ್ಜಿ ಕೈ ಊರದೆ ಕುರ್ಚಿಯಿಂದ ಎದ್ದರು. ಆ ಖುಷಿ ಬೇರೆಲ್ಲೂ ಸಿಗಲಿಲ್ಲ, ನಿಜ ಹೇಳಬೇಕಲ್ವಾ. ಬಾಯಿಪಾಠ ಮಾತ್ರ ವಿಪರೀತ: ಪ್ರತಿ ಸ್ನಾಯು ಎಲ್ಲಿ ಹುಟ್ಟುತ್ತದೆ, ಎಲ್ಲಿ ಅಂಟುತ್ತದೆ, ಯಾವ ನರ.

ಲ್ಯಾಬ್ ಬೋರು ಅಂದುಕೊಂಡೇ ಹೋಗಿದ್ದೆ. ಎರಡನೇ ವಾರ ಒಂದು ತಿಳಿನೀಲಿ ಮುಚ್ಚಳದ ಟ್ಯೂಬನ್ನು ಮೆಷಿನ್ನಿಗೆ ಇಡಲು ಹೊರಟಿದ್ದೆ. ಸೀನಿಯರ್ ಅದನ್ನು ಬೆಳಕಿಗೆ ಹಿಡಿದು, "ರಕ್ತ ಗೆರೆ ಮುಟ್ಟಿಲ್ಲ, ನೋಡು" ಅಂದರು. ಆ ಟ್ಯೂಬಿನಲ್ಲಿ ಒಂದು ಪಾಲು ಸಿಟ್ರೇಟಿಗೆ (ರಕ್ತ ಹೆಪ್ಪುಗಟ್ಟದಂತೆ ಮೊದಲೇ ಹಾಕಿರುವ ದ್ರವ) ಒಂಬತ್ತು ಪಾಲು ರಕ್ತ ಇರಬೇಕು, ಅದಕ್ಕೇ ಆ ಗೆರೆ. ರಕ್ತ ಕಡಿಮೆಯಾದರೆ ಹೆಪ್ಪುಗಟ್ಟುವ ಸಮಯ ಸುಳ್ಳುಸುಳ್ಳೇ ಜಾಸ್ತಿ ಬರುತ್ತದೆ. ಅದನ್ನು ನಂಬಿ ವೈದ್ಯರು ರಕ್ತ ತೆಳುಮಾಡುವ ಔಷಧಿ ಇಳಿಸಬಹುದು. ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಬೇರೆ ಟ್ಯೂಬಿಗೆ ಸೇರಿದರೂ ಅಷ್ಟೇ. ರಕ್ತ ಹೆಪ್ಪುಗಟ್ಟದಂತೆ ಅದರಲ್ಲಿ ಹಾಕಿರುವ ಇಡಿಟಿಎ ಲವಣದಿಂದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಮೆಷಿನ್ ಮಾತ್ರ ಸುಮ್ನೆ ಒಂದು ನಂಬರ್ ಕೊಟ್ಟುಬಿಡುತ್ತದೆ. ತಪ್ಪು ನಂಬರಿಗೂ ಸರಿಯಾದ ನಂಬರಿಗೂ ನೋಟದಲ್ಲಿ ವ್ಯತ್ಯಾಸವೇ ಇಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಜನರ ಜೊತೆ ಮಾತಾಡಿದರೇನೇ ಉಸಿರಾಡುವವರು ನೀವಾದರೆ ಫಿಸಿಯೊಥೆರಪಿಗೇ ಹೋಗಿ. ಲ್ಯಾಬಿನಲ್ಲಿ ರೋಗಿಯ ಮುಖ ಕಾಣುವುದಿಲ್ಲ, ಲೇಬಲ್ ಮೇಲಿನ ಹೆಸರು ಅಷ್ಟೇ. ನಾನು ಲ್ಯಾಬೇ ಬರೆದುಕೊಟ್ಟೆ. ಆ ಹೆಸರಿನವರ ಪರವಾಗಿ ಗೆರೆ ನೋಡುವವರು ಯಾರಾದರೂ ಬೇಕಲ್ವಾ?