ಹತ್ತಿಯ ಜಾಡು ತೋರಿಸಿದ ಕಪಾಟುಗಳು: ದಾವಣಗೆರೆಯ ಒಂದು ಪುಟ್ಟ ಗ್ರಂಥಾಲಯ

ನನ್ನ ತಂದೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ನೂಲುವ ಖಾತೆಯಲ್ಲಿ ದುಡಿದವರು. ಬ್ಲೋ ರೂಮು, ಕಾರ್ಡಿಂಗು, ರಿಂಗ್ ಫ್ರೇಮು, ನಲವತ್ತರ ನೂಲು ಎಂದು ಅವರು ಊಟಕ್ಕೆ ಕುಳಿತಾಗಲೂ ಆಡುತ್ತಿದ್ದ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಅವರು ಹೋದ ಮೇಲೆ ಅರ್ಥ ಕೇಳಲು ಮನೆಯಲ್ಲಿ ಯಾರೂ ಉಳಿಯಲಿಲ್ಲ. ನಾನು ಹೊಲಿಗೆಯವಳು. ಬಟ್ಟೆ ಗೊತ್ತು, ನೂಲು ಹುಟ್ಟುವ ಬಗೆ ಗೊತ್ತಿಲ್ಲ. ಹಾಗಾಗಿ ಪುಸ್ತಕ ಹುಡುಕಿಕೊಂಡು ಹೊರಟೆ.

ಮೊದಲು ಹೋದದ್ದು ಬೇರೊಂದು ಊರಿನ ವಾಚನಾಲಯಕ್ಕೆ. ಅಲ್ಲಿ ಪುಸ್ತಕಗಳನ್ನು ಬಂದ ಕ್ರಮದಲ್ಲಿ ಜೋಡಿಸಿದ್ದರು. ಮೊನ್ನೆ ಬಂದ ಅಡುಗೆ ಪುಸ್ತಕದ ಪಕ್ಕದಲ್ಲಿ ನಿನ್ನೆ ಬಂದ ಕಾನೂನು, ಅದರ ಪಕ್ಕದಲ್ಲಿ ಜ್ಯೋತಿಷ್ಯ. ಮೂರು ಸಲ ಬಸ್ ಹತ್ತಿ ಹೋಗಿ ಬರಿಗೈಯಲ್ಲಿ ಬಂದೆ. ಪುಸ್ತಕ ಅಲ್ಲಿರಲಿಲ್ಲ ಎಂದು ಇವತ್ತಿಗೂ ನಾನು ಹೇಳಲಾರೆ. ಇದ್ದೂ ನನಗೆ ಕಾಣದೆ ಹೋಗಿರಬಹುದು ಎಂಬ ಹೊಟ್ಟೆಯುರಿ ಹಾಗೇ ಇದೆ.

ಈ ಗ್ರಂಥಾಲಯ ಇರುವುದು ಹಳೇ ದಾವಣಗೆರೆಯ ಓಣಿಯೊಂದರಲ್ಲಿ, ಮಂಡಿಪೇಟೆಯಿಂದ ನಡೆದರೆ ಹತ್ತು ನಿಮಿಷ. ಕಾಲೇಜಿನಲ್ಲಿ ಗ್ರಂಥಪಾಲಕರಾಗಿದ್ದು ನಿವೃತ್ತರಾದವರೊಬ್ಬರು ತಮ್ಮ ಮನೆಯ ಎರಡು ಕೋಣೆಗಳಲ್ಲಿ ನಡೆಸುತ್ತಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಓಣಿಯ ಬಾಯಲ್ಲಿ ನಿಂತು ಪುಸ್ತಕದ ಮೇಷ್ಟ್ರ ಮನೆ ಎಂದರೆ ಮಕ್ಕಳೂ ಕರೆದುಕೊಂಡು ಬಿಡುತ್ತಾರೆ. ಸಂಜೆ ನಾಲ್ಕರಿಂದ ಎಂಟರವರೆಗೆ ತೆರೆದಿರುತ್ತದೆ, ಸೋಮವಾರ ರಜೆ. ಪ್ರತಿ ಪುಸ್ತಕದ ಬೆನ್ನಿನ ಮೇಲೆ, ಕೆಳಗಿನಿಂದ ಎರಡು ಬೆರಳು ಎತ್ತರದಲ್ಲಿ, ಬಿಳಿ ಚೀಟಿ. ಚೀಟಿಯಲ್ಲಿ ಕಪ್ಪು ಶಾಯಿಯ ಅಂಕಿ. ಒಂದೂ ಸೊಟ್ಟಗೆ ಅಂಟಿಲ್ಲ.

ಹತ್ತಿ ಎಂದೆ. ಅವರು ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ: ‘ಹೊಲದ ಹತ್ತಿಯೋ, ಗಿರಣಿಯ ಹತ್ತಿಯೋ?’

ಇಲ್ಲಿ ಬಳಸಿರುವುದು ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದ ಗ್ರಂಥಪಾಲಕ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣ. ಅರಿವನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತು, ಅದನ್ನು ಮತ್ತೆ ಹತ್ತು ಎಂದು ಒಡೆಯುತ್ತಾ ಹೋಗುವ ಪದ್ಧತಿ. 600 ಎಂದರೆ ತಂತ್ರಜ್ಞಾನ, ಅದರೊಳಗೆ 630 ಕೃಷಿ, 633 ಹೊಲದ ಬೆಳೆ. ಅಂಕಿ ಅಂಟುವುದು ಪುಸ್ತಕಕ್ಕೆ, ಹಲಗೆಗೆ ಅಲ್ಲ. ಅದಕ್ಕೂ ಮುಂಚೆ ಎಷ್ಟೋ ಗ್ರಂಥಾಲಯಗಳಲ್ಲಿ ಇಂಥ ಕಪಾಟು, ಇಂಥ ಹಲಗೆ, ಎಷ್ಟನೆಯದು ಎಂದು ಪುಸ್ತಕದ ಜಾಗವನ್ನೇ ಕಟ್ಟಿಹಾಕಿಬಿಡುತ್ತಿದ್ದರಂತೆ. ಡ್ಯೂಯಿ ಪದ್ಧತಿಯಲ್ಲಿ ಹೊಸ ಪುಸ್ತಕ ಬಂದರೆ ಉಳಿದವು ಸರಿದು ಜಾಗ ಕೊಡುತ್ತವೆ, ನೆಂಟಸ್ತಿಕೆ ಕೆಡುವುದಿಲ್ಲ.

633ರ ಮುಂದೆ ನಿಂತಾಗ ನನಗೆ ಮೈ ಜುಮ್ಮೆಂದಿತು. 633.15 ಮೆಕ್ಕೆಜೋಳ, 633.18 ಭತ್ತ, 633.51 ಹತ್ತಿ, 633.61 ಕಬ್ಬು. ಭದ್ರಾ ನಾಲೆಯ ಗದ್ದೆಯೂ ಮಳೆ ನಂಬಿದ ಹೊಲವೂ ಒಂದೇ ಹಲಗೆಯ ಮೇಲೆ, ನಾನು ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ನೋಡುತ್ತಾ ಬಂದ ನಮ್ಮ ಜಿಲ್ಲೆಯೇ. ಆದರೂ ಹತ್ತಿಯನ್ನು ಮೊದಲು ಕಬ್ಬಿನ ಆಚೆ, 633.8ರ ಹತ್ತಿರ ಹುಡುಕಿದೆ. ಐವತ್ತೊಂದು ದೊಡ್ಡದು, ಎಂಟು ಚಿಕ್ಕದು ಎಂಬ ಲೆಕ್ಕ ತಲೆಯಲ್ಲಿತ್ತು. ಬಿಂದುವಿನ ನಂತರ ಒಂದೊಂದೇ ಅಂಕಿಯನ್ನು ಹೋಲಿಸಬೇಕು, ಐದು ಎಂಟಕ್ಕಿಂತ ಮೊದಲು ಬರುತ್ತದೆ, ಐದರ ಪಕ್ಕದ ಒಂದು ಆ ಐದರ ಮಗು ಎಂದು ಮೇಷ್ಟ್ರು ತೋರಿಸಿಕೊಟ್ಟರು. ಕಪಾಟಿನ ಪಕ್ಕದಲ್ಲಿ ಇಷ್ಟನ್ನು ಒಂದು ಹಲಗೆಯ ಮೇಲೆ ಬರೆದು ತೂಗುಹಾಕಿದರೆ ಹೊಸಬರಿಗೆ ದೊಡ್ಡ ಉಪಕಾರವಾದೀತು.

ಗಿರಣಿಯ ಹತ್ತಿ ಅಲ್ಲಿರಲಿಲ್ಲ. ಅದು ಎರಡನೆಯ ಕೋಣೆಯಲ್ಲಿ, 677.21ರಲ್ಲಿ, ಜವಳಿಯ ನಡುವೆ. ನನಗೆ ಬೇಕಾದ ಪುಸ್ತಕ, ಒಂದು ಹಳೆಯ ತಾಂತ್ರಿಕ ಕೈಪಿಡಿ, ಸಿಕ್ಕಿದ್ದು ಅಲ್ಲಿಯೇ. ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೋ ಅದೇ ನೂಲಿನ ನಂಬರು. ನಲವತ್ತು ಲಡಿ ಬಂದರೆ ನಲವತ್ತರ ನೂಲು. ನಂಬರು ಏರಿದಷ್ಟೂ ಎಳೆ ನವಿರು. ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಪ್ಪ ಎರಡು ಬೆರಳಲ್ಲಿ ಎಳೆಯನ್ನು ಹೊಸೆದು ನೋಡಿ ‘ಇದು ಅರವತ್ತು’ ಎನ್ನುತ್ತಿದ್ದುದು ಏನೆಂದು ಆಗ ತಿಳಿಯಿತು. ಬೆನ್ನಿನ ಮೇಲಿನ ಅಂಕಿಯೂ ಹಾಗೆಯೇ ನಡೆಯುತ್ತದೆ: 677 ಎಂದರೆ ಜವಳಿ, 677.2 ಎಂದರೆ ಬೀಜದ ಮೇಲಿನ ನಾರು, 677.21 ಎಂದರೆ ಹತ್ತಿ. ಅಂಕಿ ಉದ್ದವಾದಷ್ಟೂ ವಿಷಯ ನವಿರು. ಪಕ್ಕದ 677.31 ಉಣ್ಣೆ. ಕೈ ಸುಮ್ಮನಿರದೆ ಅದನ್ನೂ ಎಳೆದೆ. ಚಳ್ಳಕೆರೆ ಕಡೆಯ ಕಂಬಳಿ ನೇಕಾರರ ಬಗ್ಗೆ ಎರಡು ಪುಟ ಓದಲು ಸಿಕ್ಕಿತು. ಕೇಳದೆ ಸಿಕ್ಕ ಪುಟಗಳವು.

ಹಾಗಾದರೆ ಗಿರಣಿ ಕಾರ್ಮಿಕರು ಎಲ್ಲಿ? 331ರಲ್ಲಿ, ಅರ್ಥಶಾಸ್ತ್ರದ ಜೊತೆ. ಊರಿನ ಚರಿತ್ರೆ? 954.87, ಕರ್ನಾಟಕದ ಇತಿಹಾಸದಲ್ಲಿ. ಒಂದೇ ಹತ್ತಿ ನಾಲ್ಕು ಕಡೆ ಹಂಚಿಹೋಗಿದೆ. ಇದು ಈ ಪದ್ಧತಿಯ ಹುಟ್ಟುಗುಣ, ಏಕೆಂದರೆ ಅದು ವಸ್ತುವಿಗಿಂತ ಮೊದಲು ಶಾಸ್ತ್ರವನ್ನು ನೋಡುತ್ತದೆ. ಡ್ಯೂಯಿಗೂ ಇದು ಗೊತ್ತಿತ್ತು. ಅದಕ್ಕೇ 1876ರ ಆ ತೆಳು ಪುಸ್ತಕದಲ್ಲೇ ವಿಷಯಸೂಚಿಯನ್ನೂ ಸೇರಿಸಿದ್ದ. ಬರಿಯ ಅಂಕಿ ಅಂಟಿಸಿ ಕೈ ತೊಳೆದುಕೊಂಡ ಗ್ರಂಥಾಲಯಗಳಿಗಿಂತ ಈ ಎರಡು ಕೋಣೆ ಮೇಲು ಎಂದು ನಾನು ಹೇಳುವುದೂ ಸೂಚಿಯ ಕಾರಣಕ್ಕೇ. ಬಾಗಿಲ ಬಳಿ ಒಂದು ಮರದ ಪೆಟ್ಟಿಗೆ ಇದೆ. ಅದರೊಳಗೆ ಕನ್ನಡ ಅಕಾರಾದಿಯಲ್ಲಿ ಕೈಬರಹದ ಕಾರ್ಡುಗಳು. ‘ಹತ್ತಿ’ ಎಂಬ ಕಾರ್ಡಿನಲ್ಲಿ ಈ ನಾಲ್ಕೂ ಅಂಕಿಗಳು, ಕೆಳಗೆ ‘ಅರಳೆ ನೋಡಿ, ನೂಲು ನೋಡಿ’ ಎಂಬ ಸೂಚನೆ. ಕಪಾಟು ಹಂಚಿದ್ದನ್ನು ಪೆಟ್ಟಿಗೆ ಮತ್ತೆ ಕೂಡಿಸುತ್ತದೆ. ‘ಅರಳೆ’ ಎಂಬ ಮಾತಿಗೂ ಒಂದು ಕಾರ್ಡು ಬರೆದಿಟ್ಟವರಿಗೆ ನಮ್ಮ ಕಡೆಯ ಓದುಗರು ಯಾವ ಮಾತಿನಿಂದ ಹುಡುಕುತ್ತಾರೆಂಬುದು ಗೊತ್ತು.

ವಚನಗಳ ವಿಷಯದಲ್ಲಿ ಮೇಷ್ಟ್ರಿಗೂ ನನಗೂ ಅರ್ಧ ಗಂಟೆ ಮಾತು ನಡೆಯಿತು. ವಚನ ಕಾವ್ಯವೋ ಧರ್ಮವೋ? ಕಾವ್ಯವೆಂದರೆ 894.8141, ಧರ್ಮವೆಂದರೆ 294.5ರ ಕಡೆ. ಪ್ರತಿ ಒಂದೇ, ಇಡುವ ಜಾಗವೂ ಒಂದೇ. ಅವರು ಸಾಹಿತ್ಯದಲ್ಲಿ ಇಟ್ಟು, ಧರ್ಮದ ಕಡೆ ‘ಅಲ್ಲಿ ನೋಡಿ’ ಎಂಬ ಮರದ ತುಂಡೊಂದನ್ನು ನಿಲ್ಲಿಸಿದ್ದಾರೆ. ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಡ್ಯೂಯಿಯ ಹಂಚಿಕೆ. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಇಡೀ ಅಂಗಳ, ಸಾವಿರ ವರ್ಷ ದಾಟಿದ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಹಿತ್ತಲ ಮೂಲೆ. ಇದನ್ನು ಹೇಳಿದಾಗ ಮೇಷ್ಟ್ರು ಎಸ್. ಆರ್. ರಂಗನಾಥನ್ ಅವರ ಕಥೆ ತೆಗೆದರು. ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ರಂಗನಾಥನ್, ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ನೋಡಿ, ಅವೇ ತುಂಡುಗಳಿಂದ ಬೇರೆ ಬೇರೆ ಗೊಂಬೆ ಕಟ್ಟುವಂತೆ ವಿಷಯಗಳನ್ನೂ ಕಟ್ಟಬಹುದೆಂದು ಕಂಡುಕೊಂಡವರು. 1933ರಲ್ಲಿ ಅವರ ದ್ವಿಬಿಂದು ವರ್ಗೀಕರಣ ಪ್ರಕಟವಾಯಿತು. ವಸ್ತು ಯಾವುದು, ಅದರ ಮೇಲೆ ನಡೆಯುವ ಕೆಲಸ ಯಾವುದು, ಎಲ್ಲಿ, ಯಾವಾಗ ಎಂದು ಬಿಡಿಬಿಡಿಯಾಗಿ ಗುರುತಿಸಿ ಪೋಣಿಸುವ ಕ್ರಮ ಅದು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದವರೂ ಅವರೇ. ಗ್ರಂಥಾಲಯ ಹೇಗೆ ನಡೆಯಬೇಕೆಂದು ಅವರು ಹೇಳಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆನ್ನುತ್ತದೆ. ಮೂರು ಸಲ ಬಸ್ ಹತ್ತಿದ ನನಗೆ ಅದನ್ನು ವಿವರಿಸಿ ಹೇಳಬೇಕಿರಲಿಲ್ಲ.

ಕೊರತೆಗಳೂ ಇವೆ. ಕಾದಂಬರಿಗಳ ಕಪಾಟಿನಲ್ಲಿ ಎಲ್ಲದರ ಬೆನ್ನಿಗೂ 894.8143 ಎಂದಷ್ಟೇ ಇದೆ, ಲೇಖಕರ ಹೆಸರಿನ ಮೊದಲ ಅಕ್ಷರಗಳಿಲ್ಲ. ಆರು ಹಲಗೆ ತುಂಬ ಒಂದೇ ಅಂಕಿ ಇದ್ದರೆ ಹುಡುಕುವವರು ಒಂದೊಂದನ್ನೇ ಎಳೆದು ನೋಡಬೇಕು. ಕೆಳಗಿನ ಹಲಗೆಯ ದೊಡ್ಡ ಗಾತ್ರದ ಪುಸ್ತಕಗಳ ಚೀಟಿ ಓದಲು ಮಂಡಿಯೂರಬೇಕು, ವಯಸ್ಸಾದವರಿಗೆ ಅದು ಆಗದು. ಕಾರ್ಡಿನ ಪೆಟ್ಟಿಗೆಗೆ ಇನ್ನೊಂದು ಪ್ರತಿಯಿಲ್ಲ. ಇಷ್ಟು ವರ್ಷದ ಕೈಬರಹ ಗೆದ್ದಲಿನ ಬಾಯಿಗೆ ಬಿದ್ದರೆ ಎಂದು ನನಗೆ ನಿಜವಾಗಿ ಭಯ. ಕಾರ್ಡುಗಳ ಫೋಟೊ ತೆಗೆಯಲು ಒಪ್ಪಿಗೆ ಪಡೆದಿದ್ದೇನೆ, ಅ ಇಂದ ಕ ವರೆಗೆ ಮೊಬೈಲಿನಲ್ಲಿ ತೆಗೆದೂ ಆಯಿತು.

ಕಾದಂಬರಿಗಳಿಗೆ ಅಕ್ಷರದ ಚೀಟಿ ಅಂಟಿಸುವ ಕೆಲಸ ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರು. ಕತ್ತರಿ, ಅಂಟು ನನ್ನ ಅಂಗಡಿಯಿಂದ ತರುತ್ತೇನೆ. ಕನ್ನಡ ಅಕ್ಷರ ದುಂಡಗೆ ಬರೆಯಬಲ್ಲವರು ಇಬ್ಬರಾದರೂ ಬೇಕು.