ಸಿಂಗಪುರದಲ್ಲಿ ಊಟ: ಹಾಕರ್ ಸೆಂಟರಾ, ಲಿಟ್ಲ್ ಇಂಡಿಯಾನಾ, ಏಸಿ ರೆಸ್ಟೋರೆಂಟಾ?

ಅಮ್ಮನನ್ನು ಕರೆದುಕೊಂಡು ಐದು ದಿನ ಸಿಂಗಪುರಕ್ಕೆ ಹೋಗಿದ್ದೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವವಳಲ್ಲ, ನನಗೆ ಎಲ್ಲವೂ ನಡೆಯುತ್ತದೆ. ಹಾಗಾಗಿ ಊಟದ ಹೊತ್ತಾದರೆ ಸಾಕು, ಚರ್ಚೆ ಶುರು. ಕೊನೆಗೆ ಮೂರು ಥರದ ಜಾಗದಲ್ಲೂ ಉಂಡು ನೋಡಿದೆವು.

ಮೊದಲ ಮಧ್ಯಾಹ್ನ ಚೈನಾಟೌನ್ ಪಕ್ಕದ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್. ಇದು ಹಾಕರ್ ಸೆಂಟರ್. ದೊಡ್ಡ ಸೂರು, ಸಾಲು ಸಾಲು ಪುಟ್ಟ ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಏಸಿ ಇಲ್ಲ, ಫ್ಯಾನ್ ಗಾಳಿಯೇ ಗತಿ. ರಸ್ತೆ ಬದಿಯಲ್ಲಿ ಮಾರುತ್ತಿದ್ದವರನ್ನು 1970ರ ದಶಕದಲ್ಲಿ ಸರ್ಕಾರವೇ ನೀರು, ಚರಂಡಿ ಇರುವ ಇಂಥ ಕಟ್ಟಡಗಳಿಗೆ ತಂದು ಕೂರಿಸಿತು. ಈಗ ಊರಲ್ಲಿ ಇಂಥವು 110ಕ್ಕೂ ಹೆಚ್ಚಿವೆ. ಈ ಹಾಕರ್ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಅವತ್ತು ಕಾಲಿಡೋಕೂ ಜಾಗ ಇರಲಿಲ್ಲ. ಅದು ಹೇಗೋ ಒಂದು ಖಾಲಿ ಮೇಜು ಕಂಡಿತು, ಓಡಿ ಹೋಗಿ ಕೂತೆವು. ಮೇಲೆ ಒಂದು ಟಿಶ್ಯೂ ಪ್ಯಾಕೆಟ್. "ಪಾಪ, ಯಾರೋ ಮರೆತು ಹೋಗಿದಾರೆ" ಎನ್ನುತ್ತ ಅಮ್ಮ ಎರಡು ಹಾಳೆ ಎಳೆದು ಮೇಜು ಒರೆಸಿಯೇಬಿಟ್ಟಳು. ಅಷ್ಟರಲ್ಲಿ ಟ್ರೇ ಹಿಡಿದ ಹುಡುಗಿಯೊಬ್ಬಳು ಬಂದು ನಿಂತಳು. ಪ್ಯಾಕೆಟ್ ಅವಳದ್ದು, ಮೇಜೂ ಅವಳದ್ದೇ! ಅಲ್ಲಿ ಇದಕ್ಕೆ 'ಚೋಪ್' ಮಾಡೋದು ಅಂತಾರೆ. ನಾವು ಬಸ್ಸಿನ ಸೀಟಿಗೆ ಕರ್ಚೀಫ್ ಹಾಕ್ತೀವಲ್ಲ, ಅದೇ. ಪುಣ್ಯಕ್ಕೆ ಆ ಹುಡುಗಿ ನಕ್ಕು, ಪಕ್ಕಕ್ಕೆ ಸರಿದು ನಮಗೂ ಜಾಗ ಕೊಟ್ಟಳು.

ನನ್ನ ಚಿಕನ್ ರೈಸ್‌ಗೆ ಸುಮಾರು ಐದು ಸಿಂಗಪುರ ಡಾಲರ್. ಮೆತ್ತಗೆ ಬೆಂದ ಕೋಳಿ, ಅದರ ಸಾರಿನಲ್ಲೇ ಬೆಂದ ಅನ್ನ, ಪಕ್ಕದಲ್ಲಿ ಶುಂಠಿ ಮತ್ತು ಮೆಣಸಿನಕಾಯಿಯ ಚಟ್ನಿ. ನೋಡೋಕೆ ಬಿಳಿಚಿಕೊಂಡಿದೆ, ತಿಂದರೆ ಗೊತ್ತಾಗುತ್ತೆ. ಇಲ್ಲಿನ ದೊಡ್ಡ ಸುಖ ಅಂದರೆ ಸ್ವಲ್ಪ ಸ್ವಲ್ಪ ತಿನ್ನಬಹುದು. ಒಂದು ಅಂಗಡಿಯಲ್ಲಿ ಅನ್ನ, ಇನ್ನೊಂದರಲ್ಲಿ ಕಬ್ಬಿನ ಹಾಲು. ಇನ್ನೇನು ಬೇಕು ಸಾರ್ ಅಂತ ತಲೆ ಮೇಲೆ ಯಾರೂ ನಿಲ್ಲುವುದಿಲ್ಲ. ಆದರೆ ತಿಂದ ತಟ್ಟೆ ನಾವೇ ಎತ್ತಿ ಇಡಬೇಕು. 2021ರ ಸೆಪ್ಟೆಂಬರಿನಿಂದ ಇದು ಕಾನೂನು. ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಸಿಕ್ಕಿಬಿದ್ದರೆ 300 ಡಾಲರ್ ದಂಡ.

ಅಮ್ಮನಿಗೆ ಮಾತ್ರ ಕಷ್ಟವಾಯಿತು. ಬರೀ ತರಕಾರಿಯಂತೆ ಕಾಣುವುದಕ್ಕೂ ಸಾಂಬಲ್ ಅನ್ನೋ ಮೆಣಸಿನಕಾಯಿ ಚಟ್ನಿ ಹಾಕಿರುತ್ತಾರೆ, ಅದರಲ್ಲಿ ಸಾಮಾನ್ಯವಾಗಿ ಸಿಗಡಿ ಇರುತ್ತದೆ. 'ನೋ ಮೀಟ್' ಅಂದರೆ ಸಾಲದು, ಸಿಗಡಿ, ಮೀನು, ಮೊಟ್ಟೆ ಅಂತ ಒಂದೊಂದನ್ನೂ ಹೆಸರು ಹಿಡಿದು ಬೇಡ ಅನ್ನಬೇಕು. ಹಿಂದೆ ಹತ್ತು ಜನ ಕ್ಯೂನಲ್ಲಿ ನಿಂತಿರುವಾಗ ಇದೆಲ್ಲ ಎಲ್ಲಿ ಆಗುತ್ತೆ? ಅವಳು ಹಣ್ಣು ತಿಂದು ಮುಗಿಸಿದಳು.

ಹಾಗಾಗಿ ಮರುದಿನ ಲಿಟ್ಲ್ ಇಂಡಿಯಾ. 1924ರ ಆನಂದ ಭವನ್, 1947ರ ಕೋಮಲ ವಿಲಾಸ್, ಹೀಗೆ ಹಳೇ ಸಸ್ಯಾಹಾರಿ ಹೋಟೆಲುಗಳು ಅಲ್ಲಿವೆ. ಏನೂ ಕೇಳದೆ, ಅನುಮಾನ ಪಡದೆ ಅಮ್ಮ ಹೊಟ್ಟೆ ತುಂಬ ಉಂಡಳು. ಅವಳ ಮಟ್ಟಿಗೆ ಗೆದ್ದಿದ್ದು ಇದೇ. ನನಗೆ? ರುಚಿಯೇನೋ ಚೆನ್ನಾಗಿತ್ತು. ಆದರೆ ನಾಲ್ಕು ಗಂಟೆಗೂ ಜಾಸ್ತಿ ವಿಮಾನದಲ್ಲಿ ಕೂತು ಬಂದು ಮತ್ತೆ ದೋಸೆಯನ್ನೇ ತಿನ್ನಬೇಕಾ ಅನ್ನಿಸಿತು.

ಮೂರನೇ ರಾತ್ರಿ ನನ್ನ ಹಟಕ್ಕೆ ನದಿ ದಂಡೆಯ ಒಂದು ರೆಸ್ಟೋರೆಂಟಿಗೆ ಹೋದೆವು. ಹೆಸರು ಬೇಡ ಬಿಡಿ. ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇತ್ತು, ನಾನು ಗಮನಿಸಲಿಲ್ಲ. ಒಂದು ಪ್ಲಸ್ ಅಂದರೆ ಶೇ. 10 ಸರ್ವಿಸ್ ಚಾರ್ಜ್, ಇನ್ನೊಂದು ಅದರ ಮೇಲೆ ಶೇ. 9 ಜಿಎಸ್‌ಟಿ. 20 ಡಾಲರಿನ ತಿಂಡಿ ಬಿಲ್ಲಿನಲ್ಲಿ 23.98 ಆಗುತ್ತದೆ. ಚಿಲ್ಲಿ ಕ್ರ್ಯಾಬ್ ಎದುರು ಬೆಲೆಯೇ ಇರಲಿಲ್ಲ, ತೂಕದ ಲೆಕ್ಕ. ಎಷ್ಟಾಗುತ್ತೆ ಅಂತ ಮೊದಲೇ ಕೇಳಬೇಕಿತ್ತು, ಸಂಕೋಚಕ್ಕೆ ಕೇಳಲಿಲ್ಲ. ಬಿಲ್ ಬಂದಾಗ ಸಂಕೋಚ ಎಲ್ಲ ಓಡಿಹೋಯಿತು. ನಾವು ಕೇಳದೆಯೇ ತಂದಿಟ್ಟಿದ್ದ ಕಡಲೆಬೀಜಕ್ಕೂ ದುಡ್ಡು, ಒದ್ದೆ ಟಿಶ್ಯೂಗೂ ದುಡ್ಡು! ಬೇಡ ಅಂತ ಮೊದಲೇ ವಾಪಸ್ ಕೊಟ್ಟಿದ್ದರೆ ಹಾಕುತ್ತಿರಲಿಲ್ಲವಂತೆ. ಏಡಿಯ ಗ್ರೇವಿ ಮಾತ್ರ ಬೆರಳು ನೆಕ್ಕುವಂತಿತ್ತು, ಸುಳ್ಳು ಹೇಳಬಾರದು. ಅಮ್ಮ ಒಂದು ತಟ್ಟೆ ಸೊಪ್ಪಿನ ಪಲ್ಯ ತಿಂದು, ಒಡೆಯದ ಟಿಶ್ಯೂ ಪ್ಯಾಕೆಟ್ಟನ್ನು ಬ್ಯಾಗಿಗೆ ಹಾಕಿಕೊಂಡಳು. "ದುಡ್ಡು ಕೊಟ್ಟಿದೀವಲ್ಲ."

ಮೂರರಲ್ಲಿ ನನ್ನ ಓಟು ಹಾಕರ್ ಸೆಂಟರಿಗೇ. ಜೊತೆಗೆ ಸಸ್ಯಾಹಾರಿಗಳಿದ್ದರೆ ಟೆಕ್ಕಾ ಸೆಂಟರಿಗೆ ಹೋಗಿ. ಲಿಟ್ಲ್ ಇಂಡಿಯಾ ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಇದೆ. ಅದೂ ಹಾಕರ್ ಸೆಂಟರ್, ಆದರೆ ಅಲ್ಲಿ ದೋಸೆಯೂ ಉಂಟು, ಬಿರಿಯಾನಿಯೂ ಉಂಟು, ಚೀನೀ ನೂಡಲ್ಸೂ ಉಂಟು. ನಮ್ಮಿಬ್ಬರ ಜಗಳ ಮುಗಿದದ್ದು ಅಲ್ಲೇ. ಆಮೇಲಿನ ಎರಡು ದಿನ ಬೇರೆ ಕಡೆ ಹೋಗಲೇ ಇಲ್ಲ. ಕಾಫಿ ಕೇಳುವಾಗ ಹುಷಾರು: ಬರೀ 'ಕೋಪಿ' ಅಂದರೆ ಕಂಡೆನ್ಸ್ಡ್ ಮಿಲ್ಕ್ ಹಾಕಿ ಪಾಯಸದಂತೆ ಕೊಡುತ್ತಾರೆ. 'ಕೋಪಿ ಓ' ಅಂದರೆ ಹಾಲಿಲ್ಲ, ಸಕ್ಕರೆ ಇರುತ್ತೆ. 'ಕೊಸೊಂಗ್' ಸೇರಿಸಿದರೆ ಸಕ್ಕರೆಯೂ ಇಲ್ಲ.

ಕೊನೆಯ ದಿನ ಬೆಳಗ್ಗೆ ಟೆಕ್ಕಾದಲ್ಲಿ ನಾನು ಕೋಪಿ ತರಲು ಹೊರಟೆ. ಅಮ್ಮ ದೋಸೆ ಅಂಗಡಿಯತ್ತ ಹೊರಟವಳು ತಟ್ಟನೆ ನಿಂತಳು. ಬ್ಯಾಗಿನಿಂದ ಆ ರೆಸ್ಟೋರೆಂಟಿನ ಟಿಶ್ಯೂ ತೆಗೆದು, ಮೇಜಿನ ನಟ್ಟನಡುವೆ ಇಟ್ಟು, ನನ್ನ ಕಡೆ ನೋಡಿ "ಚೋಪ್" ಅಂದಳು.